ಸವೆಯದ ಸರಕು

ಲಿಯಾನ್ ಕೊವಾಲ್ಚಿಕ್ ತೀರಿಕೊಂಡು ಆರು ತಿಂಗಳಾಗಿತ್ತು. ಜಿಂಕೆ ಬೇಟೆಯ ಹಂಗಾಮು ಇನ್ನೇನು ಶುರುವಾಗಬೇಕು ಅನ್ನುವಾಗ ಅವನ ಹೆಂಡತಿ ನಡೀನ್ ಒಂಬತ್ತು ಬಂದೂಕುಗಳನ್ನು ಕಂಬಳಿಗಳಲ್ಲಿ ಸುತ್ತಿ ಡೆಲ್ಮರ್ ಸ್ಟ್ರೌಡನ ಅಂಗಡಿಗೆ ತಂದಳು. ಪೆನ್ಸಿಲ್ವೇನಿಯಾದ ಆ ಗುಡ್ಡದೂರಿನಲ್ಲಿ ಡೆಲ್ಮರನದು ಅಪ್ಪನ ಕಾಲದಿಂದ ಬಂದ ಅಂಗಡಿ. ಮೊದಲನೆಯ ಬಂದೂಕನ್ನು ಲಿಯಾನನಿಗೆ ಮಾರಿದ್ದು ಅಪ್ಪ. ಮಿಕ್ಕ ಎಂಟನ್ನು ಡೆಲ್ಮರನೇ ಮಾರಿದ್ದ.

"ಎಲ್ಲಾ ತಗೊಂಡ್ಬಿಡಪ್ಪ. ನಂಗೆ ಇವುಗಳ ಸಹವಾಸ ಸಾಕು," ಅಂದಳು ನಡೀನ್.

ಡೆಲ್ಮರ್ ಒಂದೊಂದೇ ಬಿಚ್ಚಿದ. ತಾನು ಮಾರಿದ ಒಂದೊಂದಕ್ಕೂ ಆಗ ಆಡಿದ ಮಾತು ನೆನಪಾಯಿತು. ಇದು ಹೊಸ ಗುಂಡಿನದು, ಇನ್ನೂ ದೂರ ಹೊಡೆಯುತ್ತೆ. ಇದು ಹಗುರ. ಇದು ಪಕ್ಕದ ಬೀದಿಯಲ್ಲಿ ಕಳ್ಳತನವಾದ ವಾರದ್ದು. ಇದು ಚುನಾವಣೆಯ ಹಿಂದಿನ ದಿನದ್ದು: "ಹೊಸ ಸರ್ಕಾರ ಬಂದು ಬಂದೂಕು ಮಾರೋದನ್ನೇ ತಡೆದ್ರೆ? ನಾಳೆ ಸಿಗುತ್ತೋ ಇಲ್ವೋ, ಲಿಯಾನ್." ಬಂದೂಕು ಕಂಪನಿಯವನೊಬ್ಬ ಹಿಂದೆ ಊಟಕ್ಕೆ ಕೂರಿಸಿ ಕಲಿಸಿದ್ದ: "ನಮ್ಮ ಸರಕು ಸಾಯಲ್ಲ ಮಾರಾಯ, ಮೊಮ್ಮಕ್ಕಳ ಕಾಲಕ್ಕೂ ಹಾಗೇ ಇರುತ್ತೆ. ಅದೇ ನಮ್ಮ ಕಷ್ಟ. ಬಂದೂಕು ಮಾರ್ಬೇಡ, ಇನ್ನೊಂದು ಯಾಕೆ ಬೇಕು ಅನ್ನೋದನ್ನ ಮಾರು."

ಐದು ಬಂದೂಕುಗಳ ನಳಿಗೆಯಲ್ಲಿ ಕಾರ್ಖಾನೆಯ ಎಣ್ಣೆಯೇ ಇನ್ನೂ ಆರಿರಲಿಲ್ಲ. ಮೊದಲನೆಯದರ ಮರದ ಹಿಡಿ ಮಾತ್ರ ಅಂಗೈ ಉಜ್ಜಿ ಉಜ್ಜಿ ಕಪ್ಪಾಗಿತ್ತು.

"ಇದ್ರಲ್ಲಿ ಅವನಿಗೆ ಬೇಕಾಗಿದ್ದದ್ದು ಯಾವ್ದು? ನಿಜ ಹೇಳು," ನಡೀನ್ ಕೇಳಿದಳು.

ಡೆಲ್ಮರ್ ಕಪ್ಪಾದ ಹಿಡಿಯ ಮೇಲೆ ಬೆರಳಿಟ್ಟ. "ಇದೊಂದೇ. ಪ್ರತಿ ವರ್ಷ ಕಾಡಿಗೆ ಹೋಗಿದ್ದು ಇದನ್ನೇ ಹಿಡ್ಕೊಂಡು."

"ಮಿಕ್ಕಿದ್ದು?"

"ಮಿಕ್ಕಿದ್ದು ಬೇಕು ಅಂತ ಅವನಿಗೆ ಅನ್ನಿಸೋ ಹಾಗೆ ಮಾಡಿದ್ದು ನಾನು."

ಬೈಯುತ್ತಾಳೆ ಅಂದುಕೊಂಡ. ಅವಳು ನಕ್ಕಳು. "ನಂಗೊತ್ತಿಲ್ವಾ? ಅವನು ದುಡೀತಿದ್ದ ಗಿರಣಿ ಮುಚ್ಚಿದ ಮೇಲೆ ಅವನ ಜೊತೆ ಒಂದು ಗಂಟೆ ಕೂತು ಮಾತಾಡ್ತಿದ್ದೋನು ನೀನೊಬ್ಬನೇ. ಬರಿಗೈಲಿ ಎದ್ದು ಬರೋಕೆ ಅವನಿಗೆ ಸಂಕೋಚ ಆಗ್ತಿತ್ತು ಕಣೋ."

ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಹಳೆಯದನ್ನು ಡೆಲ್ಮರ್ ಮತ್ತೆ ಕಂಬಳಿಯಲ್ಲಿ ಸುತ್ತಿ ಅವಳ ಕೈಗೇ ಕೊಟ್ಟ. "ಇದನ್ನ ನಿನ್ನ ಮೊಮ್ಮಗಳಿಗೆ ಕೊಡು," ಅಂದ. ಮಿಕ್ಕ ಎಂಟನ್ನು ಕೊಂಡು, ಮಾರಾಟಕ್ಕೆ ಗೋಡೆಗೆ ಏರಿಸಿದ.

ಶನಿವಾರ ಒಬ್ಬ ಗಿರಾಕಿ ಬಂದು ಅದರಲ್ಲೊಂದನ್ನು ತೋರಿಸಿದ.

"ಮನೇಲಿ ಈಗ ಯಾವ ಬಂದೂಕಿದೆ?" ಡೆಲ್ಮರ್ ಕೇಳಿದ. ಇಷ್ಟು ವರ್ಷದಲ್ಲಿ ಯಾರನ್ನೂ ಕೇಳದ ಪ್ರಶ್ನೆ.

"ನಮ್ಮ ತಾತಂದು. ಓಬೀರಾಯನ ಕಾಲದ್ದು."

"ಗುರಿ ತಪ್ಪುತ್ತಾ?"

"ಇಲ್ಲ."

"ಹಾಗಾದ್ರೆ ಒಂದು ಡಬ್ಬಿ ಗುಂಡು ತಗೊಂಡ್ಹೋಗು, ಸಾಕು."

ಗಿರಾಕಿಯ ಮುಖ ಕೆಂಪೇರಿತು. "ಮಾರೋಕೆ ಮನಸ್ಸಿಲ್ದೋನು ಬಾಗಿಲು ಯಾಕೆ ತೆಗೀತೀಯ?" ಅಂದು ನೆಟ್ಟಗೆ ಹೆದ್ದಾರಿಯ ದೊಡ್ಡ ಮಳಿಗೆಗೆ ಹೋಗಿ, ಅಂಥದ್ದೇ ಹೊಸದನ್ನು ಕೊಂಡ.

ಎರಡನೆಯವನನ್ನೂ ಡೆಲ್ಮರ್ ಹಾಗೆಯೇ ಕೇಳಿದ. ಅವನೂ ಹೊರಟುಹೋದ.

ಮೂರನೆಯವನು ಬಂದಾಗ ಡೆಲ್ಮರ್ ಆ ಪ್ರಶ್ನೆ ಕೇಳಲಿಲ್ಲ. ಗೋಡೆಯಿಂದ ಒಂದನ್ನು ಇಳಿಸಿ ಅವನ ಕೈಗಿಟ್ಟು, ಅವನು ಅದನ್ನು ಭುಜಕ್ಕಾನಿಸಿ ಕಣ್ಣು ಕಿರಿದುಮಾಡುವುದನ್ನು ನೋಡುತ್ತ ನಿಂತ.