ಸಣ್ಣಕ್ಕನ ಸರ್ವಸದಸ್ಯರ ಸಭೆ

ಸಣ್ಣಕ್ಕನದು ಜೀವಮಾನವೆಲ್ಲ ಒಂದೇ ಉತ್ತರ: ಹೂಂ. ಓದಿದ್ದು ಸಾಕು, ಕಾರ್ಖಾನೆಗೆ ಬಾ ಎಂದು ಅಪ್ಪ ಹೇಳಿದಾಗ ಹೂಂ ಎಂದಳು. ನೋಡಲು ಬಂದ ಗಂಡು ಸರಿಯಿಲ್ಲ, ಬೇಡ ಎಂದು ಅಣ್ಣ ಹೇಳಿದಾಗಲೂ ಹೂಂ ಎಂದಳು. ಆ ಗಂಡು ಆಮೇಲೆ ಪಕ್ಕದ ಬೀದಿಯಲ್ಲೇ ಮನೆ ಮಾಡಿ, ಹೆಂಡತಿ ಮಕ್ಕಳ ಜೊತೆ ನಗುನಗುತ್ತಾ ಓಡಾಡುವುದನ್ನು ಕಂಡರೂ ತುಟಿ ಪಿಟಕ್ಕೆನ್ನಲಿಲ್ಲ. ಅವಳ ಹೂಂ ಎಂದರೆ ಒಪ್ಪಿಗೆ ಎಂದೇ ಮನೆಯವರೆಲ್ಲ ತಿಳಿದಿದ್ದರು. ಬೇರೆ ಏನೆಂದು ತಿಳಿಯಬೇಕಿತ್ತು, ಪಾಪ.

ಅವರದು ಸೀಟಿ ಮಾಡುವ ಕಾರ್ಖಾನೆ. ಪೊಲೀಸರ ಸೀಟಿ, ಆಟದ ರೆಫರಿಗಳ ಸೀಟಿ, ಕಂಡಕ್ಟರುಗಳ ಸೀಟಿ, ಎಲ್ಲವೂ ಅಲ್ಲೇ ತಯಾರು. ಮಹಡಿಯ ಮೇಲೆ ಅಣ್ಣನ ಆಫೀಸು. ಕೆಳಗೆ ಹಿಂಬದಿಯಲ್ಲಿ, ಒಂದೇ ಕಿಟಕಿಯ ಪರೀಕ್ಷೆ ಕೋಣೆ. ಅಲ್ಲಿ ಸಣ್ಣಕ್ಕ ಮತ್ತು ಮೂವರು ಹೆಂಗಸರು ಬೆಳಗಿನಿಂದ ಸಂಜೆವರೆಗೆ ಸೀಟಿ ಊದುತ್ತಿದ್ದರು. ಕೂಗಿದ್ದು ಬಲಗಡೆಯ ಬುಟ್ಟಿಗೆ, ಮೂಗಾದದ್ದು ಎಡಗಡೆಯ ಬುಟ್ಟಿಗೆ. ನಡುನಡುವೆ ಸಂಸಾರದ ಕಷ್ಟಸುಖ ಮಾತಾಡುವುದು, ಮತ್ತೆ ಊದುವುದು. ಆ ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಹೇಗೆ ಕೇಳುತ್ತಿತ್ತೋ ದೇವರೇ ಬಲ್ಲ. ದಿನವಿಡೀ ಊದಿ ಊದಿ ಮನೆಗೆ ಬರುವ ಹೊತ್ತಿಗೆ ನಾದಿನಿಯಲ್ಲಿ ಒಂದು ಹೂಂಗೆ ಆಗುವಷ್ಟೇ ಉಸಿರು ಉಳಿದಿರುತ್ತದೆ ಎಂದು ಅತ್ತಿಗೆ ತಮಾಷೆ ಮಾಡುತ್ತಿದ್ದಳು.

ಹೀಗಿರುವಾಗ ಸೈರನ್ ಕಂಪನಿಯ ಯಜಮಾನನ ಕಣ್ಣು ಸೀಟಿ ಕಂಪನಿಯ ಮೇಲೆ ಬಿತ್ತು. ಎರಡನ್ನೂ ಸೇರಿಸಿ ಒಂದೇ ಕಂಪನಿ ಮಾಡೋಣ ಎಂದ. ಅಣ್ಣನಿಗೂ ಸಾಕಾಗಿತ್ತು. ವರ್ಷಗಳಿಂದ ನಿದ್ದೆ ಸರಿಯಿಲ್ಲ, ಮಾತೆತ್ತಿದರೆ ಸಿಡುಕು. ವಿಲೀನವಾದ ಮೇಲೆ ಸೀಟಿ ಪರೀಕ್ಷೆ ಮಾಡುವುದು ಯಂತ್ರ. ಪರೀಕ್ಷೆ ಕೋಣೆ ಬ್ಯಾಟರಿ ಇಡುವ ಉಗ್ರಾಣ. ಇದನ್ನು ಅಣ್ಣ ಊಟಕ್ಕೆ ಕೂತಾಗ, ಒಪ್ಪಿಗೆಯ ಕಾಗದ ಮುಂದಿಟ್ಟು ಹೇಳಿದ.

"ಊದಿದ್ದು ಸಾಕು ಕಣೇ. ಇನ್ಮೇಲೆ ಆರಾಮಾಗಿ ಮನೇಲಿರು. ಇಲ್ಲೊಂದು ಸಹಿ ಹಾಕು."

"ಹೂಂ," ಎಂದಳು ಸಣ್ಣಕ್ಕ. ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, ಅಣ್ಣನ ಕೈಗೆ ಕೊಟ್ಟಳು. ಮಾರನೆಯ ದಿನ ಕೋಣೆಗೆ ಹೋಗಿ ಕೂತಾಗ ಮಾತ್ರ ಅವಳಿಗೆ ಎಷ್ಟು ಸಂಕಟವಾಯಿತೆಂದರೆ, ಮೊದಲ ಮೂರು ಸೀಟಿಗಳು ಚೆನ್ನಾಗಿಯೇ ಇದ್ದರೂ ಕೂಗಲಿಲ್ಲ.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಕಂಪನಿಗಳ ಮದುವೆಗೆ ನ್ಯಾಯಮಂಡಳಿಯ ಅಪ್ಪಣೆ ಬೇಕು. ಅದರ ಮೊದಲ ಹಂತದಲ್ಲಿ, ಕಂಪನಿಯಲ್ಲಿ ಪಾಲಿರುವ ಒಂದೊಂದು ವರ್ಗದವರ ಸಭೆ ಕರೆದು, ಒಪ್ಪಿಗೆಯೋ ಅಲ್ಲವೋ ಕೇಳಬೇಕು. ಹೆಚ್ಚಿನವರು ಮೊದಲೇ ಒಪ್ಪಿಗೆ ಬರೆದುಕೊಟ್ಟಿದ್ದರೆ ಸಭೆ ಬೇಡ ಎಂದು ಮಂಡಳಿ ಬಿಡಬಹುದು. ಅಣ್ಣ, ಅತ್ತಿಗೆ, ದಾಯಾದಿಗಳ ಸಭೆ ಬೇಡ ಎಂದಿತು ಮಂಡಳಿ. ಬ್ಯಾಂಕಿನವರ ಸಭೆಯೂ ಬೇಡ ಎಂದಿತು. ಉಳಿದದ್ದು ಮೂರನೆಯ ವರ್ಗ. ಅಪ್ಪ ಮಗಳಿಗೆ ಮುಂದೆ ತೊಂದರೆಯಾಗದಿರಲಿ ಎಂದು ಬೇರೆ ಯಾರಿಗೂ ಇಲ್ಲದ ಒಂದು ವಿಶೇಷ ಬಗೆಯ ನೂರು ಷೇರು ಅವಳ ಹೆಸರಿಗೆ ಬರೆದಿದ್ದ. ಆ ವರ್ಗದಲ್ಲಿ ಇದ್ದದ್ದು ಸಣ್ಣಕ್ಕ ಒಬ್ಬಳೇ.

ಮಂಡಳಿಯ ಹಿರಿಯರು ಕನ್ನಡಕ ಒರೆಸಿಕೊಂಡರು. "ನೋಡಿ ವಕೀಲರೇ, ನೂರು ಜನರಲ್ಲಿ ತೊಂಬತ್ತು ಜನ ಒಪ್ಪಿದ್ರೆ ಸಭೆ ಬೇಡ ಅಂತ ಹೇಳ್ಬಹುದು. ಇಲ್ಲಿರೋದೇ ಒಬ್ರು. ಆ ಒಬ್ಬರಲ್ಲಿ ತೊಂಬತ್ತು ಪಾಲು ಒಪ್ಪಿದಾರೋ, ಬರೀ ಐವತ್ತು ಪಾಲೋ, ನಮಗೆ ಹೇಗೆ ಗೊತ್ತಾಗ್ಬೇಕು? ಸಭೆ ಕರೀರಿ."

"ಸ್ವಾಮಿ, ಒಬ್ರೇ ಸಭೆ ಹೇಗೆ ಮಾಡ್ತಾರೆ?"

"ಗದ್ದಲ ಕಡಿಮೆ ಇರುತ್ತೆ. ಮುಂದಿನ ಕೇಸು ಕರೀರಿ."

ಅಣ್ಣ ಕೆಂಡಾಮಂಡಲವಾದ. ಸಭೆ ಎಂದರೆ ನೋಟಿಸು, ಪತ್ರಿಕೆಯಲ್ಲಿ ಜಾಹೀರಾತು, ತಿಂಗಳುಗಟ್ಟಲೆ ಕಾಯುವುದು. ಅಷ್ಟರೊಳಗೆ ಸೈರನ್ ಯಜಮಾನ ಮನಸ್ಸು ಬದಲಾಯಿಸಿದರೆ? ವಕೀಲರು ಮೇಲ್ಮನವಿ ಹಾಕೋಣ ಎಂದರು. ಮೇಲ್ಮನವಿ ಎಂದ ಮೇಲೆ ಎದುರು ಕಕ್ಷಿ ಬೇಕಲ್ಲ. ಬೇರೆ ಯಾರೂ ಸಿಗದೆ ಸಣ್ಣಕ್ಕನನ್ನೇ ಎದುರು ಕಕ್ಷಿ ಮಾಡಿದರು. ಅಣ್ಣನ ಪರವಾಗಿ ಸಹಿ ಹಾಕಿದ ತಂಗಿ ಈಗ ಅಣ್ಣನ ವಿರುದ್ಧ ಕೇಸಿನಲ್ಲಿದ್ದಳು.

"ಇದೆಲ್ಲ ಮುಗಿಯೋವರೆಗೆ ನೀವಿಬ್ರೂ ನೇರವಾಗಿ ಮಾತಾಡ್ಬೇಡಿ," ಎಂದು ವಕೀಲರು ಎಚ್ಚರಿಸಿದರು. "ಎದುರು ಕಕ್ಷಿ ಮೇಲೆ ಪ್ರಭಾವ ಬೀರಿದ ಹಾಗಾಗುತ್ತೆ. ಏನಿದ್ರೂ ನನ್ನ ಗುಮಾಸ್ತರ ಮೂಲಕ ಹೇಳಿ."

ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ ಉಣ್ಣುವವರು. ಅಣ್ಣ ಎಂಥ ಶಿಸ್ತಿನ ಮನುಷ್ಯನೆಂದರೆ, ಸ್ನಾನದ ಮನೆಯ ಬಾಗಿಲ ಹೊರಗೆ ಟವೆಲ್ ಹಿಡಿದು ನಿಂತು ಗುಮಾಸ್ತರಿಗೆ ಫೋನು ಮಾಡುತ್ತಿದ್ದ: "ಎದುರು ಕಕ್ಷಿಯವರಿಗೆ ಬೇಗ ಹೊರಗೆ ಬರೋಕೆ ಹೇಳಿ." ಒಳಗೆ ಸಣ್ಣಕ್ಕನ ಫೋನು ರಿಂಗಾಗುತ್ತಿತ್ತು. ಒದ್ದೆ ಕೈಯಲ್ಲಿ ಅದನ್ನೆತ್ತಿ ಅವಳು ಹೂಂ ಎನ್ನುತ್ತಿದ್ದಳು. ಅತ್ತಿಗೆಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಸಣ್ಣಕ್ಕನಿಗೆ ಮಾತ್ರ ಒಂದು ವಿಚಿತ್ರ ಹೊಳೆಯಿತು. ಗುಮಾಸ್ತರು ಪ್ರತಿ ಸಲ ಕೊನೆಯಲ್ಲಿ, "ನಿಮ್ಮ ಕಡೆಯಿಂದ ಏನಾದ್ರೂ ಹೇಳೋದಿದೆಯಾ ಅಮ್ಮಾ?" ಎಂದು ಕೇಳುತ್ತಿದ್ದರು. ಮನೆಯಲ್ಲಿ ಯಾರೂ ಕೇಳಿದ ಮಾತಲ್ಲ ಅದು. ಅವಳು ಒಂದೆರಡು ಸಲ ಉತ್ತರ ಕೊಡಲು ಬಾಯಿ ತೆರೆದದ್ದೂ ಉಂಟು. ಏನು ಹೇಳಬೇಕೆಂದು ತೋಚದೆ ಫೋನು ಇಟ್ಟಳು.

ಮೇಲ್ಮನವಿ ಮಂಡಳಿಯಲ್ಲಿ ಇಬ್ಬರು ಕೂತಿದ್ದರು, ಒಬ್ಬರು ದಪ್ಪ, ಒಬ್ಬರು ಸಪೂರ. ಪ್ರಾಥಮಿಕ ಆದೇಶದ ಮೇಲೆ ಮೇಲ್ಮನವಿ ಹಾಕಬಹುದೇ ಎಂಬ ಚರ್ಚೆಯಲ್ಲೇ ಮಧ್ಯಾಹ್ನವಾಯಿತು.

"ಇದಿನ್ನೂ ಮೊದಲನೇ ಆದೇಶ," ಎಂದರು ದಪ್ಪನವರು. "ಎಲೆ ಹಾಕೋ ಮುಂಚೆನೇ ಊಟ ಸರಿಯಿಲ್ಲ ಅಂತೀರಲ್ಲ? ಕೊನೇ ಆದೇಶ ಬಂದ ಮೇಲೆ ಬನ್ನಿ."

ವಕೀಲರು ಬಿಡಲಿಲ್ಲ. "ಕೊನೇ ಆದೇಶದ ಹೊತ್ತಿಗೆ ಸಭೆ ಆಗಿಹೋಗಿರುತ್ತೆ ಸ್ವಾಮಿ. ಒಂದು ಸಲ ಅವರು ತಮ್ಮನ್ನ ತಾವೇ ಭೇಟಿಯಾದ್ರು ಅಂದ್ಮೇಲೆ, ಅದನ್ನ ರದ್ದು ಮಾಡೋದು ಹೇಗೆ?"

ಈ ಮಾತು ಇಬ್ಬರಿಗೂ ನಾಟಿತು. ಸಪೂರದವರು ಎದುರು ಬೆಂಚಿನಲ್ಲಿ ಒಂಟಿಯಾಗಿ ಕೂತಿದ್ದ ಸಣ್ಣಕ್ಕನ ಕಡೆ ತಿರುಗಿದರು. "ನಿಮಗೆ ಸಭೆ ಬೇಕೋ ಬೇಡವೋ ಅಮ್ಮಾ?"

"ಹೂಂ," ಎಂದಳು ಸಣ್ಣಕ್ಕ, ಅಭ್ಯಾಸಬಲದಿಂದ.

ಬೇಕು ಎಂದರು ಎಂದು ದಪ್ಪನವರು ಬರೆದುಕೊಂಡರು. ಬೇಡ ಎಂದರು ಎಂದು ಸಪೂರದವರು ಬರೆದುಕೊಂಡರು. ಒಬ್ಬರ ಹಾಳೆಯಲ್ಲಿ ಒಬ್ಬರು ಇಣುಕಿದರು, ಗುಸುಗುಸು ಮಾತಾಡಿದರು, ಒಳಕೋಣೆಗೆ ಹೋಗಿ ಬಂದರು. ಆಮೇಲೆ ತೀರ್ಪು ಓದಿದರು: ಎದುರು ಕಕ್ಷಿಯವರು ಹೂಂ ಎಂದಿದ್ದಾರೆ. ಹಾಗೆಂದರೆ ಏನು ಎಂಬುದು ಈ ಮಂಡಳಿಗೆ ತಿಳಿದಿಲ್ಲ. ಬಹುಶಃ ಅವರಿಗೂ ತಿಳಿದಿಲ್ಲ. ಅದನ್ನು ತಿಳಿಯುವುದಕ್ಕೇ ಸಭೆ ಅಗತ್ಯ. ಮೇಲ್ಮನವಿ ವಜಾ.

ಸರಿ, ಸಭೆಯ ತಯಾರಿ ನಡೆಯಿತು. ಮಹಡಿಯ ಆಫೀಸಿನಿಂದ ಕೆಳಗಿನ ಪರೀಕ್ಷೆ ಕೋಣೆಗೆ ನೋಟಿಸು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಊರೆಲ್ಲ ಸುತ್ತಿ ಬಂತು. ಆ ವರ್ಗದ ಸಮಸ್ತ ಷೇರುದಾರರೂ ತಪ್ಪದೆ ಹಾಜರಾಗಬೇಕೆಂದು ಎರಡು ಪತ್ರಿಕೆಗಳಲ್ಲಿ ಜಾಹೀರಾತು ಬಂತು. ಸಾಕಷ್ಟು ಆಸನ ಇರಬೇಕು ಎಂದು ಆದೇಶದಲ್ಲಿದ್ದುದರಿಂದ ಇನ್ನೂರು ಕುರ್ಚಿಯ ಸಭಾಂಗಣ ಗೊತ್ತುಮಾಡಿದರು. ಮಂಡಳಿ ನೇಮಿಸಿದ ಅಧ್ಯಕ್ಷರು ಒಬ್ಬ ನಿವೃತ್ತ ಅಧಿಕಾರಿ. ಕೋಟು ತೊಟ್ಟು, ಕೈಗಂಟೆ ಹಿಡಿದು ಬಂದಿದ್ದರು. ಮತ ಎಣಿಸಲು ಒಬ್ಬ ಲೆಕ್ಕಿಗ, ಅವನ ಜೊತೆ ಬೀಗ ಹಾಕಿದ ತಗಡಿನ ಪೆಟ್ಟಿಗೆ. ಅಣ್ಣ ಮತ್ತು ವಕೀಲರು ಆ ವರ್ಗದವರಲ್ಲವಾದ್ದರಿಂದ ಒಳಗೆ ಬಿಡಲಿಲ್ಲ. ಬಾಗಿಲಿನ ಗಾಜಿಗೆ ಅಣ್ಣ ಮೂಗೊತ್ತಿಕೊಂಡು ನಿಂತ.

ಸಣ್ಣಕ್ಕ ಮೂರನೆಯ ಸಾಲಿನಲ್ಲಿ ಕೂತಳು. ಮೊದಲ ಸಾಲಿನಲ್ಲಿ ಕೂರಲು ಸಂಕೋಚ.

ಅಧ್ಯಕ್ಷರು ತಲೆ ಎಣಿಸಿದರು. "ಕೋರಂಗೆ ಇಬ್ಬರು ಬೇಕು. ಇನ್ನೊಬ್ಬರು ಬಂದಿಲ್ಲ. ನಿಯಮದ ಪ್ರಕಾರ ಅರ್ಧ ಗಂಟೆ ಕಾಯ್ಬೇಕು. ಆಮೇಲೆ ಇದ್ದವರೇ ಕೋರಂ."

"ಇನ್ನೊಬ್ರು ಇಲ್ವೇ ಇಲ್ವಲ್ಲ ಸಾರ್," ಎಂದ ಲೆಕ್ಕಿಗ.

"ಇಲ್ಲದವರು ಬರಲ್ಲ ಅಂತ ಹೇಗೆ ಹೇಳ್ತೀಯಾ? ಕಾಯೋಣ."

ಕಾಯತೊಡಗಿದರು. ಫ್ಯಾನು ತಿರುಗುತ್ತಿತ್ತು. ಅಧ್ಯಕ್ಷರು ತೂಕಡಿಸಿದರು. ಸಣ್ಣಕ್ಕ ಕೈಕಟ್ಟಿ ಕೂತಳು. ಊದಲು ಸೀಟಿ ಇಲ್ಲ, ಮಾಡಲು ಕೆಲಸವಿಲ್ಲ, ಹೂಂ ಎನ್ನಲು ಎದುರಿಗೆ ಯಾರೂ ಇಲ್ಲ. ಹುಟ್ಟಿದಂದಿನಿಂದ ಇಷ್ಟು ಹೊತ್ತು ಸುಮ್ಮನೆ ಕೂತದ್ದೇ ಅವಳಿಗೆ ನೆನಪಿಲ್ಲ. ಮೊದಮೊದಲು ಕಸಿವಿಸಿಯಾಯಿತು. ಆಮೇಲೆ ಪರೀಕ್ಷೆ ಕೋಣೆಯ ಕಿಟಕಿ ನೆನಪಾಯಿತು. ಅಲ್ಲಿಗೆ ಬ್ಯಾಟರಿ ಬಂದು ಕೂರುತ್ತದೆ, ಬ್ಯಾಟರಿಗೆ ಕಿಟಕಿ ಯಾಕೆ ಬೇಕು ಅನ್ನಿಸಿತು. ಮೂವರು ಹೆಂಗಸರು ನೆನಪಾದರು. ಅವರಲ್ಲಿ ಹಿರಿಯವಳಿಗೆ ಇನ್ನೂ ಸುದ್ದಿಯೇ ಹೇಳಿರಲಿಲ್ಲ. ಪಕ್ಕದ ಬೀದಿಯ ಆ ಗಂಡು ಕೂಡ ನೆನಪಾದ. ಎಷ್ಟೋ ವರ್ಷದಿಂದ ಹೊಟ್ಟೆಗೆ ಹಾಕಿಕೊಂಡದ್ದೆಲ್ಲ ಒಟ್ಟಿಗೆ ಮೇಲೆ ಬಂದು, ಸಣ್ಣಕ್ಕನಿಗೆ ಸಿಟ್ಟು ಬಂತು. ಒಳ್ಳೆಯ, ಗಟ್ಟಿಯಾದ ಸಿಟ್ಟು. ಅದು ತನ್ನದೇ ಎಂದು ನಂಬಲು ಅವಳಿಗೆ ಒಂದು ಗಳಿಗೆ ಬೇಕಾಯಿತು.

ಅರ್ಧ ಗಂಟೆ ಮುಗಿದಾಗ ಅಧ್ಯಕ್ಷರು ಎಚ್ಚೆತ್ತು ಗಂಟೆ ಬಾರಿಸಿದರು. "ಕೋರಂ ಆಯ್ತು. ವಿಲೀನದ ಪರವಾಗಿ ಯಾರಾದ್ರೂ ಮಾತಾಡ್ತೀರಾ?"

ಸಣ್ಣಕ್ಕ ಕೈ ಎತ್ತಿದಳು. ಮೈಕಿನ ಮುಂದೆ ನಿಂತು, "ಅಣ್ಣಂಗೆ ವಯಸ್ಸಾಯ್ತು," ಎಂದಳು. "ನಿದ್ದೆ ಇಲ್ಲ. ಅಪ್ಪ ಹೋದ್ಮೇಲೆ ಎಲ್ಲಾ ಅವನೊಬ್ನೇ ಹೊತ್ಕೊಂಡಿದಾನೆ. ಇದಾದ್ರೆ ಅವನಿಗೆ ನೆಮ್ಮದಿ." ಹೋಗಿ ಕೂತಳು.

"ವಿರುದ್ಧವಾಗಿ?"

ಸಣ್ಣಕ್ಕ ಮತ್ತೆ ಕೈ ಎತ್ತಿದಳು. ಗಾಜಿನಾಚೆ ಅಣ್ಣನ ಕಣ್ಣು ಅಗಲವಾಯಿತು.

ಈ ಸಲ ಅವಳು ತಾನು ಈಗಷ್ಟೇ ಬಿಟ್ಟು ಬಂದ ಕುರ್ಚಿಯನ್ನೇ ನೋಡುತ್ತಾ ಮಾತಾಡಿದಳು. "ನೀನು ಯಾವಾಗ್ಲೂ ಅಣ್ಣಂದೇ ಹೇಳ್ತೀಯಾ. ನಿಂದು ಯಾವಾಗ ಹೇಳೋದು?"

"ಸದಸ್ಯರು ಸದಸ್ಯರ ಜೊತೆ ವಾದ ಮಾಡ್ಬಾರ್ದು," ಎಂದು ಅಧ್ಯಕ್ಷರು ಗಂಟೆ ಬಾರಿಸಿದರು. "ಅಧ್ಯಕ್ಷರನ್ನ ನೋಡಿ ಮಾತಾಡಿ."

"ಆ ಕೋಣೆ ನಂದು ಸಾರ್. ಅಲ್ಲಿ ಆ ಮೂವರ ಜೊತೆ ಇದ್ರೇನೇ ನಾನು ನಾನಾಗಿರೋದು. ಮನೇಲಿ ಆರಾಮಾಗಿರು ಅಂದ್ರು. ಮನೇಲಿ ಕೂತು ಏನು ಮಾಡ್ಲಿ, ಗೋಡೆ ನೋಡ್ಲಾ? ನಂಗೆ ಇಷ್ಟ ಇಲ್ಲ. ಒಂದು ಚೂರೂ ಇಷ್ಟ ಇಲ್ಲ." ಕಣ್ಣೊರೆಸಿಕೊಂಡು ಬಂದು ಕೂತಳು.

ಮತದಾನಕ್ಕೆ ಮುಂಚೆ ಒಂದು ಪ್ರಶ್ನೆ ಕೇಳಿದಳು: ನೂರು ಷೇರನ್ನೂ ಒಂದೇ ಕಡೆ ಹಾಕಬೇಕೋ, ಹಂಚಿ ಹಾಕಬಹುದೋ? ಹಂಚಬಹುದು, ಆದರೆ ಯಾರೂ ಹಂಚುವುದಿಲ್ಲ ಎಂದ ಲೆಕ್ಕಿಗ. ಪರದೆಯ ಹಿಂದೆ ಸಣ್ಣಕ್ಕ ಬಹಳ ಹೊತ್ತು ಇದ್ದಳು. ಅಣ್ಣನ ಮೇಲೆ ಅವಳಿಗೆ ಪ್ರೀತಿಯೇನೂ ಕಡಿಮೆ ಇರಲಿಲ್ಲ. ಅವನ ಪಾಲು ಅವನಿಗೆ ಕೊಟ್ಟಳು. ತನ್ನ ಪಾಲು ತಾನು ಇಟ್ಟುಕೊಂಡಳು.

ಬಾಗಿಲು ತೆರೆಸಿ ಅಧ್ಯಕ್ಷರು ಫಲಿತಾಂಶ ಓದಿದರು. ಪರವಾಗಿ ಅರವತ್ತು, ವಿರುದ್ಧ ನಲವತ್ತು. ನಾಲ್ಕರಲ್ಲಿ ಮೂರು ಪಾಲು ಬೇಕಿತ್ತು, ಬಂದಿಲ್ಲ. ವಿಲೀನ ಬಿದ್ದುಹೋಯಿತು.

"ಯಾರು ವಿರುದ್ಧ ಹಾಕಿದ್ದು?" ಎಂದು ಕೂಗುತ್ತಾ ಅಣ್ಣ ಒಳಗೆ ನುಗ್ಗಿದ.

"ಹೇಳೋ ಹಾಗಿಲ್ಲ. ಮತದಾನ ಗುಪ್ತ," ಎಂದರು ಅಧ್ಯಕ್ಷರು.

ಅಣ್ಣ ಇನ್ನೂರು ಕುರ್ಚಿಗಳನ್ನೂ ಒಮ್ಮೆ ನೋಡಿದ. ಆಮೇಲೆ ವಕೀಲರ ಕಡೆ ತಿರುಗಿದ. "ಮೇಲ್ಮನವಿ ಹಾಕಿ! ಈಗಲೇ ಹಾಕಿ!"

"ಎಲ್ಲಿ ಹಾಕ್ಲಿ?" ವಕೀಲರ ಮುಖ ಬಾಡಿತ್ತು. "ಇದು ಆದೇಶ ಅಲ್ಲ ಯಜಮಾನ್ರೇ, ಅವರ ಮನಸ್ಸು. ಇದರ ಮೇಲೆ ಮೇಲ್ಮನವಿ ಅಂದ್ರೆ ನಿಮ್ಮ ತಂಗಿ ಹತ್ರಾನೇ ಹೋಗ್ಬೇಕು."

ಅಣ್ಣ ಕೈಕೈ ಹಿಸುಕಿಕೊಂಡ. ಮೂರನೆಯ ಸಾಲಿಗೆ ಬಂದು ಸಣ್ಣಕ್ಕನ ಮುಂದೆ ನಿಂತ. ಗುಮಾಸ್ತರಿಲ್ಲದೆ ಅವಳ ಜೊತೆ ಮಾತಾಡಿ ಎಷ್ಟೋ ತಿಂಗಳಾಗಿತ್ತು.

"ನೀನು ಹೂಂ ಅಂದಿದ್ದೆಯಲ್ಲೇ?"

"ಅಂದಿದ್ದೆ."

"ಮತ್ತೆ... ಏನು ಬೇಕು ನಿಂಗೆ?"

ಅವನು ಕೇಳಿಯೇಬಿಟ್ಟಿದ್ದ. ಸಣ್ಣಕ್ಕ ಬೆರಳು ಮಡಿಸುತ್ತಾ ಹೇಳಿದಳು. "ಕೋಣೆ ಇರ್ಬೇಕು. ಆ ಮೂವರೂ ಇರ್ಬೇಕು, ನಾನೂ ಇರ್ಬೇಕು. ಉಳಿದಿದ್ದೆಲ್ಲಾ ಆ ಸೈರನ್ನವನಿಗೆ ಕೊಡು. ಒಪ್ಪದಿದ್ರೆ ಅವನು ಬೇಡ."

ಅಣ್ಣ ಅವಳ ಮುಖ ನೋಡಿದ, ನೆಲ ನೋಡಿದ, ಮೇಲೆ ತಿರುಗುವ ಫ್ಯಾನು ನೋಡಿದ. "ಹೂಂ," ಎಂದ.

"ಹೂಂ ಬೇಡ ಅಣ್ಣಾ," ಎಂದಳು ಸಣ್ಣಕ್ಕ. "ಹೂಂ ಅಂದ್ರೆ ಏನು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೂತ್ಕೋ. ಅರ್ಧ ಗಂಟೆ ಸುಮ್ನೆ ಕೂತು, ಆಮೇಲೆ ಬಾಯಿಬಿಟ್ಟು ಹೇಳು."

ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಅಣ್ಣ ಕೂತ. ಅಧ್ಯಕ್ಷರು ಗಡಿಯಾರ ನೋಡಿ, ಕೋಟಿನ ಗುಂಡಿ ಬಿಚ್ಚಿ, ತಾವೂ ಮತ್ತೆ ಕೂತರು.