ಜಂಬವ್ವನ ಒಲೆ ಮತ್ತು ಮದರಾಸಿನ ನಕಾಶೆ

ಕಮಲಾಪುರದ ಕೆರೆಯ ಏರಿಯಿಂದಿಳಿದು ಎಡಕ್ಕೆ ಹೊರಳಿದರೆ ಸಿಗುವ ಓಣಿಯಲ್ಲಿ ನಲವತ್ತೊಂದು ಒಲೆಗಳಿದ್ದವು. ಬೆಂಕಿ ಮಾತ್ರ ಒಂದೇ ಮನೆಯದು, ಜಂಬವ್ವನದು. ಬೆಳ್ಳಿ ಮೂಡುವ ಹೊತ್ತಿಗೆ ಆಕೆ ಎದ್ದು, ಹಂಪಿಯ ಪಂಪಾಪತಿಯನ್ನು ನೆನೆದು, ರಾತ್ರಿ ಬೂದಿ ಮುಚ್ಚಿಟ್ಟ ಒಲೆಯನ್ನು ಕೆದಕುತ್ತಿದ್ದಳು. ಕೆಂಡ ಮೆಲ್ಲಗೆ ಕಣ್ಣು ಬಿಡುತ್ತಿತ್ತು. ಆಮೇಲೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ, ಒಣಸಗಣಿಯ ಕುಳ್ಳಿನ ಚೂರನ್ನೋ ಒಡೆದ ಗಡಿಗೆಯ ಬೋಕಿಯನ್ನೋ ಹಿಡಿದು ಬರುತ್ತಿದ್ದರು. ಕೆಂಡ ಒಯ್ಯುವವರು ಒಂದು ಸುದ್ದಿ ಬಿಟ್ಟು ಹೋಗಬೇಕು. ಯಾರ ಎಮ್ಮೆ ಈಯಿತು, ಯಾರ ಮಗಳಿಗೆ ದಿನ ತುಂಬಿತು, ಯಾರಿಗೆ ಜ್ವರ. ಅದು ಆ ಮನೆಯ ರೂಢಿ.

ಆಕೆಯ ಅತ್ತೆ ಕೊನೆಗಾಲಕ್ಕೆ ಹೊಲದ ಮಾತಾಡಲಿಲ್ಲ, ಬಂಗಾರದ ಮಾತಾಡಲಿಲ್ಲ. "ಒಲಿ ಆರಿಸಬ್ಯಾಡ" ಎಂದಷ್ಟೇ ಹೇಳಿ ಕಣ್ಣು ಮುಚ್ಚಿದ್ದಳು. ಜಂಬವ್ವ ಮೂವತ್ತು ವರ್ಷ ಆರಿಸಿರಲಿಲ್ಲ. ಗಂಡ ತೀರಿದಾಗ ಸೂತಕದ ಮನೆಯಲ್ಲಿ ಒಲೆ ಉರಿಸುವಂತಿರಲಿಲ್ಲ. ಆಗ ಆ ಕೆಂಡವನ್ನು ಎದುರು ಮನೆಯ ಗಾಳೆಮ್ಮ ಹನ್ನೊಂದು ದಿನ ಕಾಯ್ದು, ಹನ್ನೆರಡನೆಯ ದಿನ ತಂದು ತುಂಬಿಸಿದ್ದಳು.

ಹೀಗಿರುವಾಗ ಹೊಸಪೇಟೆಯಲ್ಲಿ ಮದರಾಸಿನ ಬೆಂಕಿಪೆಟ್ಟಿಗೆ ಕಂಪನಿಯೊಂದು ಮಾಲಿಡುವ ಕೋಠಿ ಹಾಕಿತು. ಅದರ ಏಜೆಂಟು ಕಂಪ್ಲಿಯ ಪಾಲಪ್ಪ. ಕರೀ ಟೋಪಿ, ಸೈಕಲ್ಲು, ಬಗಲಿಗೊಂದು ಚೀಲ. ಮೊದಲ ಸಲ ಓಣಿಗೆ ಬಂದಾಗ ಅವನು ಏನನ್ನೂ ಮಾರಲಿಲ್ಲ. ಬರೀ ಕೇಳಿದ, ಬರೆದುಕೊಂಡ. ಮನೆಯಲ್ಲಿ ಎಷ್ಟು ಮಂದಿ, ದಿನಕ್ಕೆ ಎಷ್ಟು ಸಲ ಒಲೆ ಹಚ್ಚುತ್ತೀರಿ, ಬೆಂಕಿ ಎಲ್ಲಿಂದ ತರುತ್ತೀರಿ.

"ಮಂದಿ ಎಣಸಾಕ ಬಂದೀಯೇನಪಾ?" ಎಂದಳು ಗಾಳೆಮ್ಮ. "ಹಂಗಾರ ನಮ್ಮತ್ತೀನ್ನ ಎರಡು ಸಲ ಬರಕಾ. ಇಬ್ಬರ ಮುದ್ದಿ ಒಬ್ಬಾಕಿ ಉಣ್ತಾಳ."

ಓಣಿಯೆಲ್ಲ ನಕ್ಕಿತು. ಪಾಲಪ್ಪನೂ ನಕ್ಕ, ಆದರೆ ಬರೆಯುವುದನ್ನು ಬಿಡಲಿಲ್ಲ.

ಒಂದು ತಿಂಗಳಿಗೆ ಅವನು ಮತ್ತೆ ಬಂದು ನೆಟ್ಟಗೆ ಜಂಬವ್ವನ ಕಟ್ಟೆಯ ಮೇಲೆ ಕುಳಿತ. ಸೊಸೆ ತಾಯಕ್ಕ ಮಜ್ಜಿಗೆ ಕೊಟ್ಟಳು. ಕುಡಿದು, ಮೀಸೆ ಒರೆಸಿಕೊಂಡು, ಚೀಲದಿಂದ ಒಂದು ದಪ್ಪ ಕಾಗದ ತೆಗೆದು ಹಾಸಿದ. ಓಣಿ ಅದರಲ್ಲಿ ಗೆರೆಗೆರೆಯಾಗಿ ಬಿದ್ದಿತ್ತು.

"ಇದು ನಕಾಶೆ ಬೇ. ನಾ ಬರಕೊಂಡು ಹೋಗಿದ್ದನ್ನ ಮದರಾಸಿನ ದೊಡ್ಡ ಆಫೀಸಿನಾಗ ಚಿತ್ರ ಮಾಡ್ಯಾರ. ಕೆಂಪು ಚುಕ್ಕಿ ಅಂದ್ರ ಬೆಂಕಿಪೆಟ್ಟಿಗಿ ಕೊಳ್ಳೋ ಮನಿ. ಮೂರೇ ಅದಾವ, ಅವೂ ಬರೀ ದೀಪಕ್ಕ. ಮನಿಮನಿಯಿಂದ ಹೊಂಟ ನೀಲಿ ಗೆರಿ ನೋಡು, ಎಲ್ಲಿಗೆ ಬಂದಾವ?"

ಅಷ್ಟೂ ಗೆರೆಗಳು ಒಂದೇ ಮನೆಗೆ ಬಂದು ಸೇರಿದ್ದವು. ಜಂಬವ್ವ ಬಗ್ಗಿ ನೋಡಿದಳು. "ನಮ್ಮನಿ. ಚಂದ ಬರದಾರಪಾ."

"ಚಂದ ಅಲ್ಲಬೇ, ಚಿಂತಿ. ನಮ್ಮ ಕಂಪನಿಗೆ ಬಳ್ಳಾರ್‍ಯಾಗ ಎದುರಾಳಿ ಬ್ಯಾರೆ ಕಂಪನಿ. ಇಲ್ಲಿ ಎದುರಾಳಿ ನೀನು."

"ನಾನು?" ಜಂಬವ್ವನಿಗೆ ನಗು ತಡೆಯಲಾಗಲಿಲ್ಲ. "ತಾಯಕ್ಕಾ, ಕೇಳಿದ್ಯಾ? ಮದರಾಸು ನನ್ನ ಜೋಡಿ ಕುಸ್ತಿಗೆ ಬಂದೈತಿ!"

ಪಾಲಪ್ಪ ದನಿ ಇಳಿಸಿದ. "ಜಗಳ ಬ್ಯಾಡ. ನೀನೇ ನಮ್ಮ ಕಡಿ ಬಾ. ಅದೇ ಮಂದಿ, ಅದೇ ಬಾಗಿಲು. ಕೆಂಡದ ಬದಲಿ ಪೆಟ್ಟಿಗಿ ಕೊಡು. ಪೆಟ್ಟಿಗಿಗೆ ಇಷ್ಟು ಅಂತ ನಿನಗೂ ಕಮಿಷನ್ನು."

ತಾಯಕ್ಕನ ಕಣ್ಣು ಅತ್ತೆಯ ಮುಖದ ಮೇಲಿತ್ತು. ಮಾತು ಸುಳ್ಳಾಗಿರಲಿಲ್ಲ, ಮನೆಗೆ ನಾಲ್ಕು ಕಾಸು ಬಂದರೆ ಬೇಡವೇ?

ಜಂಬವ್ವ ನಕಾಶೆಯಿಂದ ಕಣ್ಣೆತ್ತಿ ಹೇಳಿದಳು: "ನೀರಿಗೆ ಬಂದಾಕಿನ್ನ ನಿಮ್ಮ ಕಂಪ್ಲಿ ಹೊಳಿ ರೊಕ್ಕ ಕೇಳಿದ್ದು ನೋಡೀಯೇನು? ಇದು ನಾ ಹುಟ್ಟಿಸಿದ ಬೆಂಕಿ ಅಲ್ಲಪಾ. ದೇವರು ಇಟ್ಟಾನ, ನಾ ಕಾಯ್ತೀನಿ. ನನ್ನದಲ್ಲದ್ದನ್ನ ಹೆಂಗ ಮಾರಲಿ?"

ಪಾಲಪ್ಪ ನಕಾಶೆ ಸುತ್ತಿದ. "ಕಂಪನಿ ಒಂದು ದಾರಿ ಹಿಡಕೊಂಡು ಕುಂದ್ರೂದಿಲ್ಲಬೇ. ಕಾಗದದಾಗ ಇನ್ನೂ ಎರಡು ದಾರಿ ಅದಾವ."

ಒಂದು ದಾರಿ ಮರುವಾರವೇ ತೆರೆಯಿತು. ಮನೆಮನೆಗೆ ಒಂದೊಂದು ಬೆಂಕಿಪೆಟ್ಟಿಗೆ ಪುಕ್ಕಟೆ, ಒಂದು ತಿಂಗಳ ತನಕ. ಇನ್ನೊಂದು ಅದರ ಜೊತೆಗೇ ಬಂತು, ಬಣ್ಣದ ಕರಪತ್ರವಾಗಿ. ಅದರಲ್ಲಿ ಒಬ್ಬ ಹೆಂಗಸು ಹೊಸ್ತಿಲಾಚೆ ಕೆಂಡ ನೀಡುತ್ತಿದ್ದಾಳೆ. ಆಕೆಯ ಬೆನ್ನಿಗೆ ಲಕ್ಷ್ಮಿ ಮನೆ ಬಿಟ್ಟು ನಡೆಯುತ್ತಿದ್ದಾಳೆ. ಓದು ಬಾರದವರಿಗೂ ಅರ್ಥವಾಗುವ ಚಿತ್ರ. ಕೆಳಗಿನ ಸಾಲನ್ನು ಪಾಲಪ್ಪನೇ ಓದಿ ಹೇಳಿದ: ಕೊಟ್ಟವರ ಸಿರಿ ಹೋಗುತ್ತದೆ, ತಂದವರಿಗೆ ಆ ಮನೆಯ ಪೀಡೆ ಬರುತ್ತದೆ.

ಮೊದಲ ದಿನ ಹತ್ತು ಮಂದಿ ಬರಲಿಲ್ಲ. ಐದನೆಯ ದಿನ ಯಾರೂ ಬರಲಿಲ್ಲ.

ಜಂಬವ್ವ ಕೆದಕಿದ ಕೆಂಡದ ಮುಂದೆ ಕುಳಿತೇ ಇದ್ದಳು. ಎದುರು ಮನೆಯಲ್ಲಿ ಕಡ್ಡಿ ಗೀರಿದ ಸದ್ದು ಕೇಳಿತು. ಗಾಳೆಮ್ಮನ ಮನೆ. ಆ ಸಣ್ಣ ಸದ್ದು ಆಕೆಯ ಎದೆಗೆ ನಾಟಿತು.

"ಇನ್ಯಾಕ ಅತ್ತಿ ಕಾಯೋದು?" ಎಂದಳು ತಾಯಕ್ಕ. "ಆರಲಿ ಬಿಡು. ಕುಳ್ಳರ ಉಳೀತಾವ. ನಮಗೂ ಒಂದು ಪೆಟ್ಟಿಗಿ ಕೊಟ್ಟಾರಲ್ಲ."

ಜಂಬವ್ವ ಎದ್ದಳು. ಮಿಂದು, ಹಣೆಗೆ ವಿಭೂತಿ ಹಚ್ಚಿ, ಹಂಪಿಯ ದಿಕ್ಕಿಗೆ ಕೈಮುಗಿದು ನಿಂತಳು. ಬೇಡಿದ್ದೇನು ಎಂಬುದು ಆಕೆಗೂ ಆಕೆಯ ದೇವರಿಗೂ ಗೊತ್ತು. ಕಣ್ಣು ತೆರೆದಾಗ ಮುಖ ತಿಳಿಗೊಳದಂತಿತ್ತು. ಕಬ್ಬಿಣದ ಬಾಣಲೆಗೆ ಬೂದಿ ಹಾಸಿ, ಮೇಲೆ ಕೆಂಡ ತುಂಬಿ, ಬಟ್ಟೆಯ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡಳು.

"ಎಲ್ಲಿಗೆ ಅತ್ತಿ?"

"ಅವರು ಬರಲಿಲ್ಲಲ್ಲ, ನಾ ಹೊಂಟೆ."

ಮೊದಲು ನಿಂತದ್ದು ಗಾಳೆಮ್ಮನ ಬಾಗಿಲಲ್ಲಿ. ಗಾಳೆಮ್ಮ ಪೆಟ್ಟಿಗೆಯನ್ನು ಸೆರಗಿನೊಳಗೆ ಸರಿಸಿದಳು.

"ಮುಚ್ಚಿಡಬ್ಯಾಡ, ನಾ ಕಸಗೊಳ್ಳಾಕ ಬಂದಿಲ್ಲ. ಬೋಕಿ ತಾ."

"ಬ್ಯಾಡಕ್ಕಾ. ಲಕ್ಷ್ಮಿ ಹೋಗ್ತಾಳಂತ..."

"ಯಾರ ಲಕ್ಷ್ಮಿ? ಕೊಟ್ಟಾಕಿ ನಾನು. ಹೋದ್ರ ನನ್ನಾಕಿ ಹೋಗ್ತಾಳ, ನಾ ಅಳ್ತೀನಿ. ಆ ಕಂಪನಿಗ್ಯಾಕಬೇ ನನ್ನ ಮನಿ ಅಳು?" ಜಂಬವ್ವನ ದನಿ ಏರಿತು, ಅಕ್ಕಪಕ್ಕದ ಬಾಗಿಲುಗಳು ತೆರೆದವು. "ಪೀಡೆ ಅಂತಾರಲ್ಲ, ನನ್ನ ಗಂಡ ಸತ್ತಾಗ ಹನ್ನೊಂದು ದಿನ ಇದೇ ಬೆಂಕಿ ನಿನ್ನ ಮನ್ಯಾಗಿತ್ತು. ಏನಾತು ನಿನಗ? ಆ ವರ್ಷನ ಮಗಾ ಹುಟ್ಟಲಿಲ್ಲೇನು?"

ಗಾಳೆಮ್ಮ ತಲೆ ತಗ್ಗಿಸಿದಳು. ಬೋಕಿಯನ್ನು ಮಾತ್ರ ತರಲಿಲ್ಲ.

ಜಂಬವ್ವ ಅಲ್ಲಿಗೇ ನಿಲ್ಲಲಿಲ್ಲ. ನಲವತ್ತು ಬಾಗಿಲಿಗೂ ಹೋದಳು. ಅಂದು ಇಬ್ಬರು ಕೆಂಡ ತೆಗೆದುಕೊಂಡರು. ಮರುದಿನ ಮತ್ತೆ ಹೋದಾಗ ಐವರು. ಒಬ್ಬಳು ಬಾಗಿಲು ಹಾಕಿಕೊಂಡಳು, ಒಬ್ಬಳು ಬೈದಳು. ಎರಡು ವಾರ ಆಕೆ ಒಂದು ದಿನವೂ ತಪ್ಪಿಸಲಿಲ್ಲ. ನೆತ್ತಿಯ ಕೂದಲು ಕಮರಿ ಕೆಂಚಾಯಿತು.

ಸಂತೆಯ ದಿನ ಪಾಲಪ್ಪ ಗ್ರಾಮಫೋನು ಹಚ್ಚಿ ಹುಣಸೆಮರದ ಕೆಳಗೆ ಪೆಟ್ಟಿಗೆ ಹಂಚುತ್ತಿದ್ದ. ಜಂಬವ್ವ ಬಂದು ಅವನ ಪಕ್ಕದಲ್ಲೇ ಬಾಣಲೆ ಇಳಿಸಿ ಕುಳಿತಳು. ಬೀಡಿ ಹಚ್ಚಿಕೊಳ್ಳಲು ಗಂಡಸರು ಅಲ್ಲಿಗೇ ಬಗ್ಗಿದರು.

"ಏಳಬೇ," ಎಂದ ಪಾಲಪ್ಪ, ಹಲ್ಲು ಕಚ್ಚಿ. "ನಿನ್ನ ಒಲಿ ಆರೈತಿ ಅಂತ ಮದರಾಸಿಗೆ ಬರದು ಕಳಿಸೀನಿ. ನಕಾಶೆದಾಗ ನಿನ್ನ ಮನಿಗೆ ಕಾಟು ಹೊಡದಾರ. ಇನ್ನ ಈ ಓಣಿ ಲೆಕ್ಕ ಮುಗೀತು."

ಜಂಬವ್ವ ಕೈಚಾಚಿದಳು. "ತಾ ಇಲ್ಲಿ, ನೋಡೋಣು."

ಜನ ಸುತ್ತುಗಟ್ಟಿದ್ದರು. ಬೇರೆ ದಾರಿಯಿಲ್ಲದೆ ಅವನು ಕಾಗದ ಬಿಚ್ಚಿದ. ಆಕೆಯ ಮನೆಯ ಮೇಲೆ ಎರಡು ಗೆರೆ ಅಡ್ಡಡ್ಡ ಬಿದ್ದಿದ್ದವು. ಜಂಬವ್ವ ಬಾಣಲೆಯ ಅಂಚಿನಿಂದ ಆರಿದ ಇದ್ದಿಲೊಂದನ್ನು ಎತ್ತಿ, ಆ ಕಾಟಿನ ಮೇಲೆ ಮೂರು ಕಲ್ಲಿನ ಒಲೆಯನ್ನು ದಪ್ಪಗೆ ಬರೆದಳು.

"ಅಕ್ಷರ ನನಗ ಬರೂದಿಲ್ಲ. ಇದನ್ನ ಕಳಿಸು. ಜಂಬವ್ವ ತಾನಾ ಬರದಾಳ ಅನ್ನು. ಕಾಗದದಾಗ ನೀವು ನೂರು ಸಲ ಆರಸ್ರಿ, ನಾ ನೂರಾ ಒಂದು ಸಲ ಹಚ್ತೀನಿ."

ಯಾರೋ ಶಿಳ್ಳೆ ಹಾಕಿದರು.

ತಿಂಗಳು ತುಂಬಿತು, ಪುಕ್ಕಟೆ ಪೆಟ್ಟಿಗೆಗಳು ನಿಂತವು. ಕೊಳ್ಳುವವರು ಕೊಂಡರು. ದೀಪಕ್ಕೆ, ಬೀಡಿಗೆ ಕಡ್ಡಿಯೇ ಸಲೀಸು ಎಂದು ಹಲವರಿಗೆ ಅನಿಸಿತ್ತು. ಅದನ್ನು ಜಂಬವ್ವ ಹಳಿಯಲಿಲ್ಲ. ಇದ್ದಿಲಿನ ಒಲೆ ಬರೆದ ನಕಾಶೆ ಕಂಡು ಮದರಾಸಿನಿಂದ ಮರು ಎಣಿಕೆಗೆ ಹುಕುಂ ಬಂದು, ಪಾಲಪ್ಪ ಒಂದು ಮುಂಜಾವು ಪುಸ್ತಕ ಹಿಡಿದು ಆಕೆಯ ಹೊಸ್ತಿಲಲ್ಲಿ ನಿಂತ.

"ಎಷ್ಟು ಮಂದಿ ಬರ್ತಾರಬೇ ಈಗ?"

"ನಾ ಯಾಕ ಹೇಳಲಿ? ಬಂದೀಯಲ್ಲ, ಎಣಸು. ಆದರ ಬಾಗಿಲು ಬಿಟ್ಟು ನಿಂದರು, ಗಾಳೆಮ್ಮ ಆವಾಗಿಂದ ನಿನ್ನ ಬೆನ್ನಹಿಂದ ಬೋಕಿ ಹಿಡಕೊಂಡು ನಿಂತಾಳ."