ಎಂಜಲು ಬಾಟಲಿ

ಎಳೆ ಬರಲಿಲ್ಲ, ನನ್ನ ಗೈಡ್ ಬದರಿನಾಥ ಸಾರ್ ಹೆಬ್ಬೆರಳಿಗೂ ತೋರುಬೆರಳಿಗೂ ನನ್ನ ಪಾಲಿಮರ್ ಹಚ್ಚಿಕೊಂಡು, ಸಕ್ಕರೆ ಪಾಕ ನೋಡುವವರ ಹಾಗೆ ಬೆರಳು ಬಿಡಿಸಿ ನನ್ನ ಮುಖದೆದುರು ಹಿಡಿದಿದ್ದಾರೆ, ಏನಮ್ಮಾ ವಿಭಾ ಇದು, ಮತ್ತೆ ನೀರು, ನಮ್ಮನೆ ತಿಳಿಸಾರೇ ಇದಕ್ಕಿಂತ ಗಟ್ಟಿ ಇರತ್ತೆ, ಪಕ್ಕದ ಮೇಜಿನ ವಸಿಷ್ಠ ಹಲ್ಲು ಕಿರಿಯುತ್ತಾನೆ, ಕಿರಿಯದೆ ಏನು, ಇನ್ನೊಂದು ಸಲ ಕೆಟ್ಟರೆ ನನ್ನ ಪ್ರಾಜೆಕ್ಟ್ ಅವನಿಗೆ, ಅರೆಕೆರೆಯಿಂದ ಬನಶಂಕರಿಯ ಈ ಲ್ಯಾಬಿಗೆ ವರ್ಷಗಟ್ಟಲೆ ಬಸ್ಸಿನಲ್ಲಿ ಜೋತಾಡಿದ್ದು ಮಾತ್ರ ನಾನು — ಕಾರಣ ನನಗೆ ಗೊತ್ತು, ಬೆಳಿಗ್ಗೆ ಪಾಲಿಮರ್ ಮಾಡುವ ಸ್ಟೈರೀನ್ ಬಾಟಲಿ ಮೂಸಿದೆ, ಗ್ಯಾಸ್ ಸಿಲಿಂಡರ್ ಸೋರಿದಂಥ ನಾತ, ಮರ್ಕ್ಯಾಪ್ಟನ್, ವಸಿಷ್ಠ ತನ್ನ ಸ್ಟೈರೀನಿಗೆ ಬೇಕೆಂದೇ ಬೆರೆಸುವುದು, ಅವನಿಗೆ ಗಿಡ್ಡ ಪಾಲಿಮರ್ ಸರಪಳಿ ಬೇಕು, ನನಗೆ ಉದ್ದ, ಉದ್ದ ಇದ್ದರೇ ಎಳೆ ಬರುವುದು, ಬೆಳೆಯುವ ಸರಪಳಿಯ ತುದಿಯಲ್ಲಿ ಕಿಚ್ಚು, ಮರ್ಕ್ಯಾಪ್ಟನ್ ಸಿಕ್ಕಿತೋ ಅದರಿಂದ ಒಂದು ಹೈಡ್ರೋಜನ್ ಕಿತ್ತುಕೊಂಡು ತಾನು ತಣ್ಣಗಾಗುತ್ತದೆ, ಕಿಚ್ಚು ಅದಕ್ಕೆ ದಾಟಿ ಇನ್ನೊಂದು ಗಿಡ್ಡ ಸರಪಳಿ ಶುರು, ಸಾರ್ ಕೂಡ ಅಷ್ಟೇ, ಡೀನ್ ಹತ್ತಿರ ಉಗಿಸಿಕೊಂಡು ಬಂದು ನನಗೆ ಉಗಿದು ತಣ್ಣಗೆ ಕಾಫಿ ಕುಡಿಯುತ್ತಾರೆ, ಉರಿಯುವುದು ನಾನು — ಬಾಟಲಿ ಕೆಡಿಸಿದ್ದು ಯಾರು, ಇವರೇ, ವಸಿಷ್ಠ ಬೆರೆಸಿ ಉಳಿಸಿದ್ದನ್ನು ವಾಪಸು ಸ್ಟೈರೀನ್ ಬಾಟಲಿಗೆ ಸುರಿಯುವ ಚಾಳಿ, ವೇಸ್ಟ್ ಮಾಡ್ಬಾರ್ದಮ್ಮ, ಕೋವಿಡ್ ಬಂದುಹೋದ ಮೇಲೆ ಇವರ ಮೂಗಿಗೆ ವಾಸನೆಯೂ ತಿಳಿಯುವುದಿಲ್ಲ, ಜಯನಗರದ ಇವರ ಮನೆಯಲ್ಲಿ ನನ್ನ ತಟ್ಟೆಗೆ ತಾಗಿದ ಸೌಟು ಹುಳಿ ಪಾತ್ರೆಗೆ ಬಿದ್ದಾಗ ಇವರ ಹೆಂಡತಿ ಚೂಡಾಮಣಿ ಆಂಟಿ ಪಾತ್ರೆಯನ್ನೇ ಎತ್ತಿಕೊಂಡು ಹೋದರು, ಅಯ್ಯೋ ಎಂಜಲಾಯ್ತಲ್ಲಮ್ಮಾ, ಸಾರ್ ಹೌದು ಹೌದು ಎಂದು ತಲೆಯಾಡಿಸಿದರು, ಹುಳಿಗೆ ಎಂಜಲು, ನನ್ನ ಸ್ಟೈರೀನಿಗೆ ಇಲ್ಲ — ಹೇಳಿಯೇಬಿಟ್ಟೆ, ಸಾರ್ ಬಾಟಲಿ ಕೆಟ್ಟಿದೆ, ಅದಕ್ಕೆ ಸುರಿದಿದ್ದು ನೀವೇ, ಓಹೋ ನೀನು ನನಗೆ ಕೆಮಿಸ್ಟ್ರಿ ಹೇಳ್ಕೊಡ್ತೀಯಾ, ನೀನು ಹುಟ್ಟೋಕೆ ಮುಂಚಿಂದ ಪಾಠ ಮಾಡ್ತಿದೀನಿ, ಸರಿ, ಮಾಡಿ, ಹೊಸ ಬಾಟಲಿ ಒಂದಿದೆ, ಅದೇ ಕೊನೆಯದು, ಸೀಲು ಒಡೆಯುತ್ತೇನೆ, ಸಿಹಿ ವಾಸನೆ, ಚೊಕ್ಕ, ಇದರಲ್ಲಿ ತೋರಿಸುತ್ತೇನೆ ಈ ಮುದುಕನಿಗೆ, ಫ್ಲಾಸ್ಕ್ ಎಲ್ಲಿ, ಕಪಾಟಿನಲ್ಲಿ, ತೆಗೆದುಕೊಂಡು ತಿರುಗಿದರೆ ವಸಿಷ್ಠನ ಬೀಕರ್ ಸಾರ್ ಕೈಯಲ್ಲಿದೆ, ಹೊಸ ಬಾಟಲಿಯ ಬಾಯಿಗೆ ಬಗ್ಗಿದೆ, ಸಾರ್ ಬೇಡ, ಸಾರ್ — ಇಷ್ಟೊಂದು ಯಾಕಮ್ಮ ಚೆಲ್ಲೋದು — ಗ್ಯಾಸ್ ಸೋರಿದ ನಾತ, ವಸಿಷ್ಠ ನೋಡುತ್ತಿದ್ದಾನೆ, ಸಾರ್ ಒದ್ದೆಯಾದ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಾರೆ, ಬಿಡಿಸುತ್ತಾರೆ, ಎಳೆ ಇಲ್ಲ, ಉಜ್ಜುತ್ತಾರೆ, ಬಿಡಿಸುತ್ತಾರೆ, ಎಳೆ ಇಲ್ಲ